ಮದುವೆಯ ಒತ್ತಡದ ನಡುವೆ ಚೀನಾದ ಅವಿವಾಹಿತೆ ಮಾಡಿಕೊಳ್ಳಬಹುದಾದ ಸಿದ್ಧತೆಗಳು

ಓದಿ, ದುಡಿದು, ಮೂವತ್ತರ ಹತ್ತಿರ ಬಂದರೂ ಮದುವೆಯಾಗದ ಹೆಣ್ಣುಮಕ್ಕಳನ್ನು ಚೀನಾದಲ್ಲಿ ‘ಶೆಂಗ್‌ನ್ಯು’, ಅಂದರೆ ಉಳಿದುಹೋದವರು, ಎಂದು ಕರೆಯುವ ರೂಢಿಗೆ 2007ರ ಸುಮಾರಿನಲ್ಲಿ ಅಲ್ಲಿನ ಅಧಿಕೃತ ಮಹಿಳಾ ಒಕ್ಕೂಟವೇ ಬಲ ತುಂಬಿತು. ಚೀನೀ ಹೊಸವರ್ಷದ ವಸಂತ ಹಬ್ಬಕ್ಕೆ ಊರಿಗೆ ಹೋದವಳಿಗೆ ಬಂಧುಗಳೆಲ್ಲ ಕೂತ ಊಟದ ಮೇಜಿನಲ್ಲೇ ‘ಮದುವೆ ಊಟ ಯಾವಾಗ?’ ಎಂಬ ಪ್ರಶ್ನೆ ಎದುರಾಗುತ್ತದೆ. ಅಲ್ಲಿ ವಾದಕ್ಕಿಳಿಯುವುದರಿಂದ ಪ್ರಯೋಜನವಿಲ್ಲ. ಹೆತ್ತವರ ಒತ್ತಾಯದ ಹಿಂದಿರುವ ಭಯವನ್ನು ಗುರುತಿಸಿ, ಅದಕ್ಕೆ ಕಾಗದಪತ್ರದ ರೂಪದಲ್ಲಿ ಉತ್ತರ ಸಿದ್ಧಪಡಿಸಿಕೊಳ್ಳುವುದೇ ಹೆಚ್ಚು ಫಲ ಕೊಡುವ ದಾರಿ.

ಆ ಭಯ ಎಂಥದ್ದೆಂಬುದನ್ನು ಶಾಂಘೈ ನಗರದ ಪೀಪಲ್ಸ್ ಪಾರ್ಕ್‌ನಲ್ಲಿ ವಾರಾಂತ್ಯಗಳಂದು ನೋಡಬಹುದು. ಬಿಚ್ಚಿಟ್ಟ ಕೊಡೆಗಳ ಮೇಲೆ ಮಗಳ ಹುಟ್ಟಿದ ವರ್ಷ, ಎತ್ತರ, ವಿದ್ಯೆ, ಸಂಬಳ, ಸ್ವಂತ ಮನೆ, ಯಾವ ಊರಿನ ಹುಕೌ (ಸರ್ಕಾರಿ ನಿವಾಸ ನೋಂದಣಿ) ಎಂಬ ವಿವರಗಳ ಹಾಳೆ ಅಂಟಿಸಿಕೊಂಡು ತಂದೆತಾಯಿಗಳು ಕೂತಿರುತ್ತಾರೆ. ಎಷ್ಟೋ ಸಲ ಮಗಳಿಗೆ ಇದರ ಸುಳಿವೂ ಇರುವುದಿಲ್ಲ. ಅವರಲ್ಲಿ ಅನೇಕರಿಗೆ ಇರುವುದು ಒಂದೇ ಕೂಸು. ತಾವು ಹೋದ ಮೇಲೆ ಅವಳಿಗೆ ಯಾರು ಗತಿ ಎಂಬ ಚಿಂತೆಯೇ ಅವರನ್ನು ಅಲ್ಲಿಗೆ ತಂದು ಕೂರಿಸಿದೆ. ಆದ್ದರಿಂದ ಹಬ್ಬಕ್ಕೆ ಮುಂಚೆಯೇ ತಾಯಿಯೊಡನೆ ಮಾತ್ರ ಫೋನಿನಲ್ಲಿ ಬಿಡಿಸಿ ಮಾತಾಡಿಕೊಳ್ಳುವುದು ಒಳ್ಳೆಯದು. ಬಂಧುಗಳೆದುರು ನಿರಾಕರಿಸಿದರೆ ಹೆತ್ತವರಿಗೆ ಮುಖಭಂಗವಾಗಿ, ಮಾತು ಮತ್ತಷ್ಟು ಬಿಗಿಯಾಗುತ್ತದೆ. ‘ಇನ್ನು ತಡವಾದರೆ ಗಂಡೇ ಸಿಗುವುದಿಲ್ಲ’ ಎನ್ನುವ ನೆಂಟರಿಗಾದರೆ ಅಂಕಿಅಂಶ ಸಾಕು: 2020ರ ಜನಗಣತಿಯಂತೆ ಚೀನಾದಲ್ಲಿ ಹೆಂಗಸರಿಗಿಂತ ಗಂಡಸರೇ ಸುಮಾರು 3.49 ಕೋಟಿ ಹೆಚ್ಚು; ಮದುವೆಯಾಗದೆ ಇರುವವಳು ಅವಳೊಬ್ಬಳೇ ಅಲ್ಲ, 2013ರಲ್ಲಿ 1.34 ಕೋಟಿಗೂ ಹೆಚ್ಚು ಜೋಡಿಗಳು ಮದುವೆ ನೋಂದಾಯಿಸಿದ್ದರೆ, 2024ರಲ್ಲಿ ಆ ಸಂಖ್ಯೆ ಸುಮಾರು 61 ಲಕ್ಷಕ್ಕೆ ಇಳಿದಿತ್ತು. ಆದರೆ ತಾಯಿಯ ಕಣ್ಣೀರು ಅಂಕಿಅಂಶಕ್ಕೆ ನಿಲ್ಲುವಂಥದ್ದಲ್ಲ.

ಕಾನೂನು ಎಲ್ಲಿಯವರೆಗೆ ಬೆನ್ನಿಗಿದೆ ಎಂಬುದನ್ನೂ ತಿಳಿದಿರಬೇಕು. 2021ರ ಜನವರಿ 1ರಿಂದ ಜಾರಿಯಲ್ಲಿರುವ ನಾಗರಿಕ ಸಂಹಿತೆಯ 1042ನೇ ವಿಧಿ, ಮದುವೆಯ ಸ್ವಾತಂತ್ರ್ಯದಲ್ಲಿ ಅನ್ಯರು ಕೈಹಾಕುವುದನ್ನು ನಿಷೇಧಿಸುತ್ತದೆ. ಹೆತ್ತವರ ಮೇಲೆ ದಾವೆ ಹೂಡುವವರು ವಿರಳ, ಹೂಡಬೇಕೆಂದೂ ಇಲ್ಲ. ಕೆಲಸದ ಸಂದರ್ಶನದಲ್ಲಿ ಮಾತ್ರ ಕಾನೂನು ನೇರವಾಗಿ ಉಪಯೋಗಕ್ಕೆ ಬರುತ್ತದೆ: 2023ರಿಂದ ಜಾರಿಗೆ ಬಂದ ಪರಿಷ್ಕೃತ ಮಹಿಳಾ ಹಕ್ಕು ರಕ್ಷಣಾ ಕಾಯಿದೆಯ ಪ್ರಕಾರ ನೇಮಕಾತಿಯ ವೇಳೆ ಮದುವೆ, ಮಕ್ಕಳ ವಿಚಾರ ಕೆದಕುವಂತಿಲ್ಲ. ಇನ್ನೊಂದೆಡೆ ಕಾನೂನು ಕೈಬಿಡುತ್ತದೆ. ಮುಂದೆ ಮಗು ಪಡೆಯುವ ಸಲುವಾಗಿ ಅಂಡಾಣುಗಳನ್ನು ಶೈತ್ಯದಲ್ಲಿ ಕಾಪಿಡಲು ಒಪ್ಪದ ಆಸ್ಪತ್ರೆಯ ವಿರುದ್ಧ ಅವಿವಾಹಿತೆಯೊಬ್ಬರು ಬೀಜಿಂಗ್‌ನಲ್ಲಿ ವರ್ಷಗಟ್ಟಲೆ ಹೋರಾಡಿ 2024ರಲ್ಲಿ ಅಂತಿಮವಾಗಿ ಸೋತರು. ಆ ಯೋಜನೆ ಇರುವವರು ಅದನ್ನು ವಿದೇಶದಲ್ಲಿ ಮಾಡಿಸುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಮನೆಯ ವಿಷಯದಲ್ಲಿ ತುಂಬ ಎಚ್ಚರ ಬೇಕು. ಮದುವೆಯ ಅವಸರದಲ್ಲಿ ಹುಡುಗಿ ತನ್ನ ಉಳಿತಾಯವನ್ನು ಹುಡುಗನ ಹೆಸರಿನ ಮನೆಗೆ ಸುರಿಯುವುದು ಅಲ್ಲಿ ಅಪರೂಪವಲ್ಲ. ಮದುವೆಗೆ ಮುಂಚೆ ಒಬ್ಬರು ಮುಂಗಡ ಕಟ್ಟಿ ತಮ್ಮ ಹೆಸರಿಗೆ ನೋಂದಾಯಿಸಿಕೊಂಡ ಮನೆಯನ್ನು, ವಿಚ್ಛೇದನದಲ್ಲಿ ರಾಜಿಯಾಗದಿದ್ದರೆ, ನ್ಯಾಯಾಲಯ ಅವರಿಗೇ ಕೊಡಬಹುದು; ಇನ್ನೊಬ್ಬರಿಗೆ ಸಿಗುವುದು, ಮದುವೆಯ ನಂತರ ಇಬ್ಬರೂ ಸೇರಿ ತೀರಿಸಿದ ಸಾಲದ ಕಂತು ಮತ್ತು ಅದಕ್ಕೆ ತಕ್ಕ ಬೆಲೆಯೇರಿಕೆಯ ಪರಿಹಾರವಷ್ಟೆ. ಹೀಗಾಗಿ ಹಣವನ್ನು ನಗದಾಗಿ ಕೊಡದೆ ಬ್ಯಾಂಕಿನ ಮೂಲಕವೇ ಕಳುಹಿಸಬೇಕು, ಹಕ್ಕುಪತ್ರದಲ್ಲಿ ಹೆಸರು ಸೇರದೆ ಕಾಸು ಬಿಚ್ಚಬಾರದು, ಸಾಧ್ಯವಿದ್ದರೆ ಚಿಕ್ಕದಾದರೂ ಸ್ವಂತ ಹೆಸರಿನ ಮನೆಯನ್ನೇ ಕೊಳ್ಳಬೇಕು. ಮಗಳ ಹೆಸರಿನ ಮನೆಯೊಂದು ಕಣ್ಣೆದುರು ಇದ್ದರೆ ಹೆತ್ತವರ ದನಿ ಎಷ್ಟೋ ಮೆತ್ತಗಾಗುತ್ತದೆ.

ಇಷ್ಟಾದರೂ ‘ಕಾಯಿಲೆ ಬಿದ್ದರೆ ಯಾರು ನೋಡಿಕೊಳ್ಳುತ್ತಾರೆ’ ಎಂಬ ಪ್ರಶ್ನೆ ಉಳಿಯುತ್ತದೆ, ಅದು ನ್ಯಾಯವಾದ ಪ್ರಶ್ನೆಯೂ ಹೌದು. ಸಂಹಿತೆಯ 33ನೇ ವಿಧಿಯಂತೆ ವಯಸ್ಕರು ತಮಗೆ ನಿರ್ಧಾರ ಶಕ್ತಿ ಇಲ್ಲವಾದಾಗ ಪಾಲಕರಾಗಬೇಕಾದವರನ್ನು, ಅವರ ಒಪ್ಪಿಗೆ ಪಡೆದು, ಮುಂಚಿತವಾಗಿ ಲಿಖಿತ ಒಪ್ಪಂದದಲ್ಲಿ ಹೆಸರಿಸಬಹುದು. ಅವರು ರಕ್ತಸಂಬಂಧಿಯೇ ಆಗಬೇಕಿಲ್ಲ, ನಂಬಿಕೆಯ ಗೆಳತಿಯೂ ಆಗಬಹುದು. ಒಪ್ಪಂದವನ್ನು ನೋಟರಿ ಕಚೇರಿಯಲ್ಲಿ ದೃಢೀಕರಿಸಿಕೊಂಡು, ಒಂದು ಪ್ರತಿಯನ್ನು ವಿಮಾ ಪತ್ರಗಳ ಜೊತೆಗಿಟ್ಟು, ಆ ಗೆಳತಿಯನ್ನು ಒಮ್ಮೆ ಊರಿಗೆ ಕರೆದೊಯ್ದು ತಂದೆತಾಯಿಗೆ ಪರಿಚಯಿಸಬೇಕು.