ಕಾರಿನ ಎಸಿ ಫಿಲ್ಟರ್: ಬಾಣ ಯಾವ ಕಡೆಗೆ?

ಕಾರಿನ ಎಸಿ ಫಿಲ್ಟರ್ ಬದಲಿಸುವುದು ಹದಿನೈದು ನಿಮಿಷದ ಕೆಲಸ. ಸ್ಕ್ರೂಡ್ರೈವರ್ ಕೂಡ ಬೇಡದ ಕಾರುಗಳು ಬೇಕಾದಷ್ಟಿವೆ. ಆದರೂ ಇದರಲ್ಲಿ ಎಡವಿದವರನ್ನು ಕಂಡು ಸಾಕಾಗಿದೆ. ಮುಂದಿನ ಸೀಟಿನೆದುರಿನ ಪೆಟ್ಟಿಗೆಯ, ಅಂದರೆ ಗ್ಲೋವ್ ಬಾಕ್ಸ್‌ನ ಕೊಂಡಿ ಮುರಿದುಕೊಂಡವರಿದ್ದಾರೆ. ಎಂಜಿನ್ನಿನ ಏರ್ ಫಿಲ್ಟರ್ ಬದಲಿಸಿ, ಒಳಗಿನ ವಾಸನೆ ಹೋಗಲೇ ಇಲ್ಲವೆಂದು ಗೊಣಗಿದವರೂ ಇದ್ದಾರೆ. ಎಂಜಿನ್ ಉಸಿರಾಡುವ ಫಿಲ್ಟರ್ ಬೇರೆ, ನೀವು ಉಸಿರಾಡುವ ಫಿಲ್ಟರ್ ಬೇರೆ. ಇಲ್ಲಿ ಹೇಳುತ್ತಿರುವುದು ಎರಡನೆಯದನ್ನು. ಹೆಸರಿಗೆ ಎಸಿ ಫಿಲ್ಟರ್ ಆದರೂ ಎಸಿ ಹಾಕದೆ ಬರೀ ಬ್ಲೋವರ್ (ಗಾಳಿ ಬೀಸುವ ಫ್ಯಾನ್) ತಿರುಗಿಸಿದಾಗಲೂ ಗಾಳಿ ಇದನ್ನು ದಾಟಿಯೇ ಬರುತ್ತದೆ.

ಸಾಮಾನ್ಯವಾಗಿ 15,000ದಿಂದ 20,000 ಕಿ.ಮೀ.ಗೆ ಅಥವಾ ವರ್ಷಕ್ಕೊಮ್ಮೆ ಬದಲಿಸಬೇಕು. ದೂಳಿನ ರಸ್ತೆಯಲ್ಲೇ ಓಡಾಟವಿದ್ದರೆ ಅಷ್ಟು ದಿನ ಕಾಯಬೇಡಿ. ಬ್ಲೋವರ್ ಸದ್ದು ಜೋರಾಗಿದ್ದು ಗಾಳಿ ಮಾತ್ರ ಮಂದವಾಗಿದ್ದರೆ ಅವಧಿ ಮೀರಿದೆಯೆಂದೇ ತಿಳಿಯಿರಿ.

ಕೊಳ್ಳುವಾಗ ಕಾರಿನ ಮಾದರಿ, ತಯಾರಾದ ವರ್ಷ ಎರಡನ್ನೂ ಹೇಳಿ. ಅಳತೆ ಸ್ವಲ್ಪ ಚಿಕ್ಕದಾದರೂ ಗಾಳಿ ಪಕ್ಕದ ಸಂದಿಯಿಂದ ನುಸುಳುತ್ತದೆ, ಆಗ ಫಿಲ್ಟರ್ ಇದ್ದೂ ಇಲ್ಲದಂತೆ. ಬಿಳಿಯ ಸಾದಾ ಫಿಲ್ಟರ್ ದೂಳು, ಪರಾಗವನ್ನು ತಡೆಯುತ್ತದೆ. ಸಕ್ರಿಯ ಇದ್ದಿಲು ಸೇರಿಸಿದ್ದು ಹೊಗೆಯ ವಾಸನೆಯನ್ನೂ ಹೀರಿಕೊಳ್ಳುತ್ತದೆ. ನನ್ನ ಆಯ್ಕೆ ಯಾವಾಗಲೂ ಇದ್ದಿಲಿನದೇ. ಆದರೆ ಬಣ್ಣ ನೋಡಿ ಮರುಳಾಗಬೇಡಿ: ಬಟ್ಟೆಗೆ ಕಪ್ಪು ಬಳಿದು ಮಾರುವವರೂ ಇದ್ದಾರೆ. ಅದೇ ಅಳತೆಯ ಸಾದಾ ಫಿಲ್ಟರನ್ನು ಇನ್ನೊಂದು ಕೈಯಲ್ಲಿ ಹಿಡಿದು ತೂಗಿ ನೋಡಿ. ಇದ್ದಿಲು ನಿಜವಾಗಿ ಇದ್ದರೆ ಭಾರದಲ್ಲಿ ಗೊತ್ತಾಗುತ್ತದೆ. ಇದ್ದಿಲಿದ್ದರೂ ಅದು ಕಾರ್ಬನ್ ಮೊನಾಕ್ಸೈಡನ್ನು ತಡೆಯುವುದಿಲ್ಲ ಎಂಬುದು ನೆನಪಿರಲಿ. ಸುಗಂಧ ಹಚ್ಚಿದ ಫಿಲ್ಟರನ್ನು ಮುಟ್ಟಲೇಬೇಡಿ.

ಬಹುಪಾಲು ಕಾರುಗಳಲ್ಲಿ ಇದು ಗ್ಲೋವ್ ಬಾಕ್ಸ್‌ನ ಹಿಂದೆ ಇರುತ್ತದೆ. ಕೆಲವುಗಳಲ್ಲಿ ಬಾನೆಟ್ ಎತ್ತಿದರೆ ವೈಪರ್ ಬುಡದಲ್ಲಿ ಸಿಗುತ್ತದೆ. ಎಂಜಿನ್ ಆರಿಸಿ, ಗ್ಲೋವ್ ಬಾಕ್ಸ್ ಖಾಲಿ ಮಾಡಿ. ಅದರ ಪಕ್ಕದಲ್ಲಿ ಸಣ್ಣ ತೋಳೋ ದಾರವೋ ಇದ್ದರೆ ಮೊದಲು ಅದನ್ನು ಕಳಚಿ. ಆಮೇಲೆ ಎರಡೂ ಗೋಡೆಗಳನ್ನು ಅಂಗೈಯಿಂದ ಒಳಕ್ಕೆ ಒತ್ತಿದರೆ ಪೆಟ್ಟಿಗೆ ತಾನಾಗಿ ಕೆಳಕ್ಕೆ ವಾಲುತ್ತದೆ. ಜನ ಕೊಂಡಿ ಮುರಿಯುವುದು ಇಲ್ಲಿಯೇ, ಒತ್ತುವ ಬದಲು ಎಳೆದು. ಕೆಲವು ಕಾರುಗಳಲ್ಲಿ ಪೆಟ್ಟಿಗೆಗೆ ಸ್ಕ್ರೂ ಇರುತ್ತದೆ. ಬಗ್ಗದಿದ್ದರೆ ಬಲ ಹಾಕುವ ಮೊದಲು ಸ್ಕ್ರೂ ಹುಡುಕಿ. ಹಿಂದಿನ ಉದ್ದನೆಯ ಮುಚ್ಚಳದ ಕ್ಲಿಪ್ ಒತ್ತಿ ತೆಗೆದು ಹಳೆಯ ಫಿಲ್ಟರನ್ನು ನಿಧಾನವಾಗಿ ಹೊರಗೆಳೆಯಿರಿ. ಓರೆ ಮಾಡಬೇಡಿ, ಮೇಲೆ ಕೂತ ಎಲೆ, ಕಸವೆಲ್ಲ ನೇರ ಬ್ಲೋವರಿನೊಳಗೆ ಬೀಳುತ್ತದೆ.

ಈಗ ಬಾಣದ ವಿಷಯ. ಫಿಲ್ಟರಿನ ಅಂಚಿನಲ್ಲಿ ಬಾಣವಿರುತ್ತದೆ. ಅದರ ಪಕ್ಕದ ಬರಹ ಓದದೆ, ಬಾಣವೆಂದರೆ ಮೇಲಕ್ಕೆ ಎಂದು ನಂಬಿ ಕೂರಿಸುವವರೇ ಹೆಚ್ಚು. ‘ಏರ್ ಫ್ಲೋ’ ಎಂದಿದ್ದರೆ ಅದು ಗಾಳಿ ಸಾಗುವ ದಿಕ್ಕು. ಎಷ್ಟೋ ಕಾರುಗಳಲ್ಲಿ ಗಾಳಿ ಮೇಲಿನಿಂದ ಕೆಳಗಿನ ಬ್ಲೋವರಿಗೆ ಇಳಿಯುವುದರಿಂದ ಆ ಬಾಣ ನೆಲದತ್ತ ಇರಬೇಕು. ‘ಅಪ್’ ಎಂದಿದ್ದರೆ ಮಾತ್ರ ಆಕಾಶದತ್ತ. ಹಳೆಯದು ಹೇಗಿತ್ತೋ ಹಾಗೆಯೇ ಹಾಕಿದರಾಯಿತು ಎನ್ನುತ್ತಾರೆ. ಅದನ್ನು ಹಾಕಿದವನೂ ತಪ್ಪಿದ್ದರೆ? ದೂಳನ್ನು ನಂಬಿ, ದೂಳು ಸುಳ್ಳು ಹೇಳುವುದಿಲ್ಲ. ಹೊರಗೆಳೆಯುವಾಗ ಯಾವ ಮೈ ಮೇಲಿತ್ತೆಂದು ಗಮನಿಸಿಕೊಳ್ಳಿ. ಕೊಳೆ ಕೂತ ಮೈ ಗಾಳಿ ಬರುವ ಕಡೆಯದು. ಹೊಸ ಫಿಲ್ಟರಿನ ಗಾಳಿಯ ಬಾಣದ ಬಾಲ ಆ ಕಡೆಗೆ, ತುದಿ ಅದರ ಎದುರು ಕಡೆಗೆ ಇರಲಿ.

ಹಳೆಯದನ್ನೇ ಕೊಡವಿ, ತೊಳೆದು ಮತ್ತೆ ಹಾಕುವ ಜಾಣತನ ಬೇಡ. ನೀರು ಬಿದ್ದರೆ ಎಳೆಗಳು ಕೆಡುತ್ತವೆ, ಪಂಪಿನ ಗಾಳಿ ಹೊಡೆದರೆ ಹರಿಯುತ್ತವೆ. ತೊಳೆಯಬಹುದೆಂದು ತಯಾರಕರೇ ಬರೆದಿದ್ದರೆ ಮಾತು ಬೇರೆ.

ಹೊಸದನ್ನು ಒಳಗೆ ತಳ್ಳುವ ಮೊದಲು ಅದರ ಅಂಚಿನ ಮೇಲೆ ದಿನಾಂಕ, ಕಿ.ಮೀ. ಬರೆದುಬಿಡಿ. ಮುಚ್ಚಳ, ಪೆಟ್ಟಿಗೆ ಹಾಕಿದ ಮೇಲೆ ಬ್ಲೋವರನ್ನು ಪೂರ್ತಿ ವೇಗದಲ್ಲಿ ತಿರುಗಿಸಿ ಕೇಳಿ. ಟಕಟಕ ಸದ್ದು ಬಂದರೆ ಎಲೆಯೊಂದು ಒಳಗೆ ಬಿದ್ದಿದೆ; ಆರಿಸಿ, ಮತ್ತೆ ಬಿಚ್ಚಿ.