ಸತುವಿನ ಗುಂಡು: ಆಗಲ್ಲ ಅಂದಿದ್ದು ಆಯ್ತು

ರೈಫಲ್‌ಗೆ ಸೀಸದ ಬದಲು ಸತುವಿನಲ್ಲೇ ಗುಂಡು ಹೊಯ್ಯುತ್ತೇನೆ ಅಂದಾಗ ಶೂಟಿಂಗ್ ರೇಂಜಿನ ಹಳಬರೆಲ್ಲ ನಕ್ಕಿದ್ದರು. ‘ನಳಿಗೆ ಕೆರೆದು ಹಾಳಾಗುತ್ತೆ’ ಎಂದರು ಒಬ್ಬರು. ಮಡಿಕೇರಿಯಲ್ಲಿರುವ ನನ್ನ ಭಾವ ಫೋನಿನಲ್ಲೇ, ‘ಸತು ಇರೋದು ತಗಡಿಗೆ ಬಳಿಯೋಕೆ ಮಾರಾಯ’ ಅಂದರು. ಈಗ ನೂರು ಗಜದಲ್ಲಿ ಐದು ಗುಂಡು ಎರಡೂವರೆ ಇಂಚಿನ ಒಳಗೆ ಬೀಳುತ್ತಿವೆ. ಅದೂ ಹಳೇ ವಿಂಚೆಸ್ಟರ್ 94 ರೈಫಲ್‌ನಲ್ಲಿ, ತರ್ಟಿ-ತರ್ಟಿ (.30-30) ತೋಟಾದಲ್ಲಿ, ದುರ್ಬೀನು ಇಲ್ಲದೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಇಲ್ಲಿ 2019ರ ಜುಲೈ 1ರಿಂದ ಯಾವ ಬೇಟೆಗೂ ಸೀಸದ ಗುಂಡು ಬಳಸುವ ಹಾಗಿಲ್ಲ. ಸೀಸ ಹೊಕ್ಕ ಮಾಂಸ ತಿಂದು ಕಾಂಡೋರ್ ರಣಹದ್ದುಗಳು ಸಾಯುತ್ತಿದ್ದವು; 1982ರಲ್ಲಿ ಉಳಿದಿದ್ದವು 22 ಮಾತ್ರ. ನಾನು ಬೇಟೆಯವನಲ್ಲ, ಕಾಗದಕ್ಕೆ ಹೊಡೆಯುವವನು, ನನಗೆ ಆ ನಿಷೇಧ ತಟ್ಟುವುದಿಲ್ಲ. ಆದರೆ ಮನೆಯಲ್ಲಿ ಚಿಕ್ಕ ಮಗು ಬಂದಮೇಲೆ ಗ್ಯಾರೇಜಿನಲ್ಲಿ ಸೀಸ ಕರಗಿಸುವುದು ಬೇಡ ಅಂತ ಹೆಂಡತಿ ಖಡಾಖಂಡಿತ ಹೇಳಿದಳು. ಮಕ್ಕಳ ರಕ್ತದಲ್ಲಿ ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ಸೀಸ ಕಂಡರೂ ಇಲ್ಲಿನ ವೈದ್ಯರು ಎಚ್ಚರಿಸುತ್ತಾರೆ. ಅಂಗಡಿಯ ತಾಮ್ರದ ಗುಂಡು ಕೊಳ್ಳೋಣ ಅಂದರೆ ಒಂದಕ್ಕೆ ಹತ್ತಿರ ಹತ್ತಿರ ಒಂದು ಡಾಲರ್. ಒಂದು ಶನಿವಾರಕ್ಕೆ ಐವತ್ತು ಡಾಲರ್ ಹೊಗೆಯಾಗಿ ಹೋದರೆ ಹೊಟ್ಟೆ ಉರಿಯಲ್ವಾ?

ಸತು ಮಾತ್ರ ಹೆಚ್ಚೂಕಮ್ಮಿ ಪುಕ್ಕಟೆ. ಇಲ್ಲಿ ಕಾರಿನ ಚಕ್ರದ ಸಮತೋಲಕ್ಕೆ ಸೀಸದ ತುಂಡು ಹಾಕುವುದನ್ನು 2010ರಿಂದ ನಿಲ್ಲಿಸಿದ್ದಾರೆ. ಹಾಗಾಗಿ ಟೈರ್ ಅಂಗಡಿಯ ಬಕೆಟ್‌ನಲ್ಲಿ ಈಗ ಸಿಗುವುದು ಜಾಸ್ತಿ ಸತು ಮತ್ತು ಕಬ್ಬಿಣ. ಸೀಸದ ಗುಂಡು ಹೊಯ್ಯುವವರು ಅದನ್ನು ಮುಟ್ಟುವುದಿಲ್ಲ. ನನಗೆ ಒಂದು ಬಕೆಟ್‌ಗೆ ಇಪ್ಪತ್ತು ಡಾಲರ್ ಬಿತ್ತು. ಕಬ್ಬಿಣವನ್ನು ಅಯಸ್ಕಾಂತದಿಂದ ಎತ್ತಿ ತೆಗೆದರೆ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಸತು ಉಳಿಯುತ್ತದೆ. ಇನ್ನೂ ಸುಲಭದ ದಾರಿ ಜೇಬಿನಲ್ಲೇ ಇದೆ: 1982ರ ನಂತರದ ಒಂದು ಸೆಂಟಿನ ನಾಣ್ಯ ಶೇ. 97.5 ಸತುವೇ. ಆದರೆ ಅದನ್ನು ಕರಗಿಸುವುದು 2006ರಿಂದ ಅಪರಾಧ. ಕೈ ತುರಿಸಿದರೂ ಬಿಟ್ಟೆ.

ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್‌ಗೆ, ಸತು 420ಕ್ಕೆ. ನಾನು 480ರ ಆಸುಪಾಸಿನಲ್ಲಿ ಇಡುತ್ತೇನೆ. ತಳದಿಂದ ಸುರಿಯುವ ಪಾತ್ರೆ ಈ ಕೆಲಸಕ್ಕೆ ಆಗಿಬರಲಿಲ್ಲ. ಸತುವಿನ ಕಿಟ್ಟ ಕವಾಟಕ್ಕೆ ಕಚ್ಚಿಕೊಂಡು ಒಂದು ತೊಟ್ಟೂ ಇಳಿಯದ ಹಾಗಾಯಿತು. ಎಂಬತ್ತು ಡಾಲರ್ ಪಾತ್ರೆ ಅದು. ಈಗ ಸಾದಾ ಪಾತ್ರೆ, ಕಬ್ಬಿಣದ ಸೌಟು, ಅಷ್ಟೇ. ಅಚ್ಚಿನ ಮೇಲೆ ಉಳಿಯುವ ಬಾಲವನ್ನು ಕತ್ತರಿಸುವ ತಟ್ಟೆಯ ವಿಷಯದಲ್ಲಿ ಕೈ ಚುರುಕಾಗಿರಬೇಕು. ಲೋಹದ ಮೇಲ್ಮೈ ಹೊಳಪು ಕಳೆದುಕೊಂಡು ಮಂಕಾದ ಕ್ಷಣಕ್ಕೇ ತಟ್ಟೆ ತಿರುಗಿಸಬೇಕು. ಸೀಸದ ಅಭ್ಯಾಸದಲ್ಲಿ ನಾಲ್ಕು ಉಸಿರು ಜಾಸ್ತಿ ಕಾದರೆ ಸತು ಗಟ್ಟಿಯಾಗಿ, ಮರದ ಸುತ್ತಿಗೆಯಲ್ಲಿ ಹೊಡೆದರೂ ತಟ್ಟೆ ಅಲುಗುವುದಿಲ್ಲ.

ನಿಜವಾದ ತಲೆನೋವು ಅಳತೆ. ಸತು ಆರುವಾಗ ಸೀಸಕ್ಕಿಂತ ಜಾಸ್ತಿ ಕುಗ್ಗುತ್ತದೆ. ಸೀಸದಲ್ಲಿ 0.310 ಇಂಚು ಬರುತ್ತಿದ್ದ ಅಚ್ಚಿನಿಂದ 0.307ರ ಗುಂಡು ಉದುರಿತು. ನಳಿಗೆಯ ಅಳತೆ 0.308. ಗುಂಡನ್ನು ಗಿರಗಿರ ತಿರುಗಿಸುವ ನಳಿಗೆಯೊಳಗಿನ ಗೀರುಗಳನ್ನು ಹಿಡಿಯದೆ ಅದು ಸುಮ್ನೆ ಜಾರಿ ಹೋಗುತ್ತಿತ್ತು. ಐವತ್ತು ಗಜದಲ್ಲೇ ಕಾಗದದ ಮೇಲೆ ದುಂಡನೆಯ ತೂತಿನ ಬದಲು ಗುಂಡಿನ ಪಕ್ಕದ ಆಕಾರವೇ ಮೂಡಿತ್ತು: ಮೂತಿ, ಸೊಂಟ, ಬುಡ ಎಲ್ಲ ಎದ್ದು ಕಾಣುವ ಹಾಗೆ. ಹಳಬರು ಆ ಕಾಗದವನ್ನು ರೇಂಜಿನ ಗೋಡೆಗೆ ಅಂಟಿಸಿ ತಿಂಗಳುಗಟ್ಟಲೆ ಮಜಾ ತೆಗೆದುಕೊಂಡರು.

ಅಚ್ಚಿನ ಎರಡು ಹೋಳುಗಳ ನಡುವೆ ಅಲ್ಯೂಮಿನಿಯಂ ಟೇಪು ಇಟ್ಟು ನೋಡಿದೆ. ಅಳತೆ ದೊಡ್ಡದಾಯಿತು, ಆದರೆ ಒಂದೇ ದಿಕ್ಕಿಗೆ. ಅಕ್ಕಪಕ್ಕ ಲೋಹ ಸೋರಿ ರೆಕ್ಕೆ ಬೇರೆ.

ಆಮೇಲೆ ಬಿಸ್ಮತ್ ಅನ್ನುವ ಲೋಹದ ಹುಚ್ಚು ಹಿಡಿಯಿತು. ಬಿಸ್ಮತ್ ಗಟ್ಟಿಯಾಗುವಾಗ ಹಿಗ್ಗುತ್ತದೆ, ಸತು ಕುಗ್ಗುತ್ತದೆ, ಎರಡನ್ನೂ ಬೆರೆಸಿದರೆ ಸರಿಹೋಗಬೇಕಲ್ಲ ಅನ್ನುವ ಲೆಕ್ಕ. ಪೌಂಡಿಗೆ ಹನ್ನೆರಡು ಡಾಲರಿನಂತೆ ಕೊಂಡು ತಂದೆ. ಅವೆರಡೂ ಆ ಬಿಸಿಯಲ್ಲಿ ಪೂರ್ತಿ ಬೆರೆಯುವುದೇ ಇಲ್ಲ. ಎಷ್ಟು ಕಲಕಿದರೂ ಬಿಸ್ಮತ್ ತಳಕ್ಕಿಳಿದು ಕೂರುತ್ತದೆ, ಸತು ಮೇಲೆ ನಿಲ್ಲುತ್ತದೆ. ಉಳಿದ ಬಿಸ್ಮತ್ ದಂಡವಾಗಬಾರದು ಅಂತ ತವರ ಸೇರಿಸಿ ಹೊಯ್ದೆ. ಚೆಂದದ ಗುಂಡು, ಅಳತೆಯೂ ಸರಿ. ಅದಕ್ಕೆ ಪೌಡರ್ ಕೋಟ್, ಅಂದರೆ ಪುಡಿ ಹಚ್ಚಿ ಬೇಯಿಸುವ ಬಣ್ಣ, ಹಾಕಿ ಟೋಸ್ಟರ್ ಓವನ್‌ನಲ್ಲಿ 200 ಡಿಗ್ರಿಗೆ ಬೇಯಲು ಇಟ್ಟೆ. ತವರ-ಬಿಸ್ಮತ್ ಮಿಶ್ರಣ ಕರಗಲು ಶುರುವಾಗುವುದು 138 ಡಿಗ್ರಿಗೆ. ತೆರೆದು ನೋಡಿದರೆ ಟ್ರೇ ತುಂಬ ಹೊಳೆಯುವ ಲೋಹ, ಅದರ ಮೇಲೆ ನೀಲಿ ಬಣ್ಣದ ಖಾಲಿ ಸಿಪ್ಪೆಗಳು! ಸುಮಾರು ಅರವತ್ತು ಡಾಲರಿನ ತಮಾಷೆ.

ಆದರೆ ಆ ಸಿಪ್ಪೆಯೇ ದಾರಿ ತೋರಿಸಿತು. ಮೈಕ್ರೋಮೀಟರಿನಲ್ಲಿ ಅಳೆದರೆ ಒಂದೊಂದು ಬದಿಗೆ ಒಂದು ಸಾವಿರಾಂಶ ಇಂಚಿನ ಹತ್ತಿರ ದಪ್ಪ. ಅಂದರೆ ವ್ಯಾಸಕ್ಕೆ ಎರಡು ಸೇರಿತು. ಸತು ಆ ಬಿಸಿಗೆ ಜಪ್ಪಯ್ಯ ಅನ್ನುವುದಿಲ್ಲ. ಅಚ್ಚನ್ನು ಉಜ್ಜುವ ಪೇಸ್ಟ್ ಹಾಕಿ ಒಂಚೂರು ಅಗಲ ಮಾಡಿದೆ, 0.308 ಬಂತು. ಮೇಲೆ ಬಣ್ಣ, ಆಮೇಲೆ ಗುಂಡನ್ನು ಒತ್ತಿ ಅಳತೆಗೆ ತರುವ 0.309ರ ಸೈಜರ್. ಅಷ್ಟೇ. ಯಾವ ಪೇಸ್ಟ್, ಎಷ್ಟು ಹೊತ್ತು, ಬಣ್ಣ ಹಿಡಿಯುವ ಮುಂಚೆ ಗುಂಡನ್ನು ಯಾವುದರಲ್ಲಿ ತೊಳೆಯುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಬಣ್ಣ ಸಿಪ್ಪೆ ಏಳದೆ ನಿಲ್ಲುವುದೆಲ್ಲ ಆ ತೊಳೆಯುವುದರಲ್ಲಿದೆ.

ಸೀಸದಲ್ಲಿ 170 ಗ್ರೇನ್ (ಗುಂಡು ತೂಗುವ ಚಿಕ್ಕ ಅಳತೆ) ತೂಗುವ ಗುಂಡು ಸತುವಿನಲ್ಲಿ 107, 108 ತೂಗುತ್ತದೆ. ಮದ್ದಿನ ಅಳತೆ ಕೇಳಬೇಡಿ, ಹೇಳುವುದಿಲ್ಲ. ಸೀಸದ ಗುಂಡಿನ ಮದ್ದಿನ ಪಟ್ಟಿಯನ್ನಂತೂ ಇದಕ್ಕೆ ಹಚ್ಚಬೇಡಿ. ಕಬ್ಬಿಣದ ಗುರಿಗೂ ಹೊಡೆಯಬೇಡಿ. ಸತು ಗಟ್ಟಿ, ವಾಪಸ್ ಚಿಮ್ಮುತ್ತದೆ. ಕರಗಿಸುವಾಗ ಬಾಗಿಲು ತೆಗೆದಿರಲಿ. ಬಿಸಿ ಮಿತಿಮೀರಿದರೆ ಬರುವ ಬಿಳಿ ಹೊಗೆ ಕುಡಿದರೆ ರಾತ್ರಿಯೆಲ್ಲ ಚಳಿಜ್ವರ. ಊರಿನಲ್ಲಿ ಓದುತ್ತಿರುವವರಿಗೆ ಒಂದು ಮಾತು: ಭಾರತದಲ್ಲಿ ಲೈಸೆನ್ಸ್ ಇಲ್ಲದೆ ಗುಂಡು ತಯಾರಿಸುವುದು 1959ರ ಆರ್ಮ್ಸ್ ಆ್ಯಕ್ಟ್ ಪ್ರಕಾರ ಅಪರಾಧ. ಕೋವಿ ಇಟ್ಟುಕೊಳ್ಳಲು ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ ಇದಕ್ಕೆ ಬರುವುದಿಲ್ಲ ಅಂತ ಭಾವನಿಗೂ ಹೇಳಿದ್ದೇನೆ.

ಸತುವಿನ ಪಾತ್ರೆ, ಸೌಟು ಬೇರೆಯೇ ಇರಬೇಕು. ಸೀಸಕ್ಕೆ ಸ್ವಲ್ಪ ಸತು ಬಿದ್ದರೂ ಅದು ರಾಗಿ ಗಂಜಿಯ ಹಾಗೆ ಆಗಿಬಿಡುತ್ತದೆ. ಈ ಒಂದು ವಿಷಯದಲ್ಲಿ ಹಳಬರ ಮಾತು ಸರಿ. ನಳಿಗೆಯ ವಿಷಯದಲ್ಲಿ ಅಲ್ಲ: ಕ್ಯಾಮೆರಾ ಇಳಿಸಿ ನೋಡಿದ್ದೇನೆ, ಗೀರುಗಳು ಮೊದಲಿನ ಹಾಗೇ ಇವೆ, ಸೀಸ ಕೆರೆದು ತೆಗೆಯುವ ಕೆಲಸವೂ ತಪ್ಪಿತು. ಹಾಳಾದ ಪಾತ್ರೆ, ಬಿಸ್ಮತ್ ಎಲ್ಲ ಬಿಟ್ಟು ಲೆಕ್ಕ ಹಾಕಿದರೆ, ಕರೆಂಟು, ಬಣ್ಣ ಸೇರಿ ಒಂದು ಗುಂಡಿಗೆ ನಾಲ್ಕೈದು ಸೆಂಟ್. ಇನ್ನೂರು ಗಜಕ್ಕೆ ಮಾತ್ರ ಇನ್ನೂ ಆಗಿಲ್ಲ. ಗುಂಡು ಹಗುರ, ಅಡ್ಡಗಾಳಿ ಎತ್ತಿಕೊಂಡು ಹೋಗುತ್ತದೆ. ಉದ್ದನೆಯ ಅಚ್ಚೊಂದನ್ನು ತರಿಸುತ್ತಿದ್ದೇನೆ.