ಮೆಗ್ನೀಸಿಯಂ ಡಬ್ಬಿಯ ಮುಂದಿನ ಅಂಕಿ, ಹಿಂದಿನ ಅಂಕಿ

ನಮ್ಮ ದಾವಣಗೆರೆಯಲ್ಲಿ ಸಂಜೆ ಆರು ಗಂಟೆಗೆ ಮಂಡಕ್ಕಿ-ಮೆಣಸಿನಕಾಯಿ ಬೇಡ ಅನ್ನುವವರು ಕಮ್ಮಿ. ನಾನಂತೂ ಯಾವತ್ತೂ ಬೇಡ ಅಂದವನಲ್ಲ. ಭಾನುವಾರ ಬೆಳಿಗ್ಗೆ ಬೆಣ್ಣೆ ದೋಸೆ, ವಾರದಲ್ಲಿ ಮೂರು ಸಂಜೆ ಮಿರ್ಚಿ. ಎದೆ ಉರಿ ಶುರುವಾದಾಗ ಯಾರೋ ಹೇಳಿದರು ಅಂತ ಖಾಲಿ ಹೊಟ್ಟೆಗೆ ದಿನಕ್ಕೊಂದು ಪ್ಯಾಂಟೊಪ್ರಜೋಲ್ ಅನ್ನುವ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದೆ. ಹದಿನೈದು ದಿನಕ್ಕೆ ಅಂತ ಶುರುವಾದದ್ದು ಆರು ವರ್ಷ ನಡೆಯಿತು. ಹಲ್ಲುಜ್ಜುವುದು, ಮಾತ್ರೆ ನುಂಗುವುದು, ಆಮೇಲೆ ಕಾಫಿ. ಅದನ್ನು ಔಷಧಿ ಅಂತ ನಾನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಕಳೆದ ಬೇಸಿಗೆಯಲ್ಲಿ ಒಂದು ರಾತ್ರಿ ಎಡಗಾಲಿನ ಮೀನಖಂಡ ಹಿಡಿದುಕೊಂಡಿತು. ಎದ್ದು ನಿಂತರೂ ಬಿಡಲಿಲ್ಲ. ವಾರದಲ್ಲಿ ಎರಡು ಸಲ, ಆಮೇಲೆ ಮೂರು ಸಲ. ಜೊತೆಗೆ ಪಾಠ ಮಾಡುವಾಗ ಬಲಗಣ್ಣಿನ ರೆಪ್ಪೆ ಪಟಪಟ ಅದುರುತ್ತಿತ್ತು. ಹುಡುಗರು ನಗುತ್ತಿದ್ದರು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವನು ನಾನು, ಆದರೂ ಎರಡು ತಿಂಗಳು ಇದನ್ನು ‘ವಯಸ್ಸು’ ಅಂತ ಬಿಟ್ಟಿದ್ದೆ.

ಕೊನೆಗೆ ಡಾಕ್ಟರ್ ಮೇಡಂ ಹತ್ತಿರ ಹೋದೆ. ಅವರು ಮೊದಲು ಕೇಳಿದ್ದು, ‘ಏನೇನು ಮಾತ್ರೆ ತಗೊಳ್ತೀರಾ?’ ನಾನು ‘ಏನೂ ಇಲ್ಲ’ ಅಂದೆ. ಪಕ್ಕದಲ್ಲಿದ್ದ ಮನೆಯವಳು, ‘ಗ್ಯಾಸ್ಟ್ರಿಕ್ ಮಾತ್ರೆ ಯಾರು ತಗೊಳ್ಳೋದು ಮತ್ತೆ?’ ಅಂದಳು. ಅಲ್ಲಿ ಸಿಕ್ಕಿಬಿದ್ದೆ. ರಕ್ತದಲ್ಲಿ ಮೆಗ್ನೀಸಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಕಿಡ್ನಿಯ ಸ್ಥಿತಿ ತೋರಿಸುವ ಕ್ರಿಯಾಟಿನಿನ್ ನೋಡಿಸಿದರು. ಬೇರೆಲ್ಲ ಸರಿ ಇತ್ತು. ಮೆಗ್ನೀಸಿಯಂ ಮಾತ್ರ 1.4. ಲ್ಯಾಬಿನ ಪ್ರಕಾರ 1.7ಕ್ಕಿಂತ ಮೇಲಿರಬೇಕು. ಈ ಜಾತಿಯ ಗ್ಯಾಸ್ಟ್ರಿಕ್ ಮಾತ್ರೆಯನ್ನು ವರ್ಷಗಟ್ಟಲೆ ತಗೊಂಡರೆ ಮೆಗ್ನೀಸಿಯಂ ಇಳಿಯಬಹುದು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲೇ ಎಚ್ಚರಿಸಿದೆ. ಕೆಲವರಿಗೆ ಬರೀ ಮೆಗ್ನೀಸಿಯಂ ಕೊಟ್ಟರೆ ಏರುವುದೇ ಇಲ್ಲ, ಆ ಮಾತ್ರೆಯನ್ನೇ ನಿಲ್ಲಿಸಬೇಕಾಗುತ್ತದೆ. ಮೇಡಂ ಪ್ಯಾಂಟೊಪ್ರಜೋಲನ್ನು ಹಂತ ಹಂತವಾಗಿ ಇಳಿಸಲು ಹೇಳಿದರು. ಚೀಟಿಯ ಕೆಳಗೆ ‘ಮೆಗ್ನೀಸಿಯಂ, ಎಲಿಮೆಂಟಲ್ 200 ಮಿ.ಗ್ರಾಂ, ಮೂರು ತಿಂಗಳು’ ಅಂತ ಬರೆದರು. ಆ ‘ಎಲಿಮೆಂಟಲ್’ ಅನ್ನುವ ಪದವನ್ನು ನಾನು ಓದಿದೆ, ಆದರೆ ಗಮನಿಸಲಿಲ್ಲ.

ಮೆಡಿಕಲ್‌ನವರು ನನ್ನ ಹಳೇ ಪರಿಚಯ. ‘ಮೇಷ್ಟ್ರೇ, ಇದು ತಗೊಳ್ರಿ. ಬ್ಯಾರೆದ್ರಾಗೆ ನೂರು, ಇನ್ನೂರು. ಇದ್ರಾಗೆ ನಾನೂರು ಐತೆ’ ಅಂತ ಒಂದು ಸ್ಟ್ರಿಪ್ ಕೊಟ್ಟರು. ಬೆಲೆಯೂ ಕಮ್ಮಿ. ಖುಷಿಯಿಂದ ತಂದೆ. ಮೂರನೇ ದಿನ ಎಂಟನೇ ತರಗತಿಯಲ್ಲಿ ಆಮ್ಲ-ಪ್ರತ್ಯಾಮ್ಲ ಪಾಠದ ನಡುವೆ ಸೀಮೆಸುಣ್ಣ ಮೇಜಿನ ಮೇಲಿಟ್ಟು ಓಡಬೇಕಾಯಿತು. ನಾಲ್ಕನೇ ದಿನವೂ ಅದೇ ಕತೆ.

ಆಗ ಕನ್ನಡಕ ಹಾಕಿಕೊಂಡು ಸ್ಟ್ರಿಪ್ಪಿನ ಹಿಂಭಾಗ ಓದಿದೆ. ಮೆಗ್ನೀಸಿಯಂ ಆಕ್ಸೈಡ್ 400 ಮಿ.ಗ್ರಾಂ. ಅಂದರೆ ಮೆಗ್ನೀಸಿಯಂ 400 ಅಲ್ಲ, ಆಕ್ಸೈಡ್ 400. ಮೇಡಂ ಬರೆದ ‘ಎಲಿಮೆಂಟಲ್’ ಅಂದರೆ ಬರೀ ಮೆಗ್ನೀಸಿಯಂನ ತೂಕ. ಮೆಗ್ನೀಸಿಯಂನ ಪರಮಾಣು ತೂಕ 24.3, ಆಮ್ಲಜನಕದ್ದು 16. ಎರಡೂ ಸೇರಿ 40.3. ಅದರಲ್ಲಿ ಮೆಗ್ನೀಸಿಯಂ ಪಾಲು ಶೇ 60. ಹಾಗಾದರೆ ನನ್ನ ಮಾತ್ರೆಯಲ್ಲಿ ಇದ್ದದ್ದು ಸುಮಾರು 240. ಮಕ್ಕಳಿಗೆ ಪ್ರತಿ ವರ್ಷ ಹಾಕಿಸುವ ಲೆಕ್ಕ ಇದು. ನನ್ನ ಹೊಟ್ಟೆಯ ವಿಷಯಕ್ಕೆ ಬಂದಾಗ ಮರೆತಿದ್ದೆ.

240 ಇದ್ದರೂ ಸಾಕಲ್ವಾ, ಬೇಕಾಗಿದ್ದು 200 ತಾನೆ? ಇಲ್ಲ. ಆಕ್ಸೈಡ್ ನೀರಿನಲ್ಲಿ ಕರಗುವುದೇ ಇಲ್ಲ ಅನ್ನಬಹುದು. ಮೈಗೆ ಹತ್ತದೆ ಉಳಿದ ಮೆಗ್ನೀಸಿಯಂ ಕರುಳಿಗೆ ನೀರೆಳೆದು ಭೇದಿ ಮಾಡಿಸುತ್ತದೆ. ಮಲಬದ್ಧತೆಗೆ ಕೊಡುವ ಮಿಲ್ಕ್ ಆಫ್ ಮೆಗ್ನೀಷಿಯಾ ಇದರ ಅಣ್ಣ-ತಮ್ಮನೇ. 2001ರ ಒಂದು ಅಧ್ಯಯನದಲ್ಲಿ ಆಕ್ಸೈಡಿನ ಮೆಗ್ನೀಸಿಯಂ ದೇಹಕ್ಕೆ ಸೇರಿದ್ದು ಶೇ 4ರಷ್ಟು ಮಾತ್ರ.

ಒಂದು ಭಾನುವಾರ ಅಡುಗೆಮನೆಯಲ್ಲೇ ಪರೀಕ್ಷೆಗೆ ಕೂತೆ. ಅಷ್ಟರಲ್ಲಿ ಇನ್ನೊಂದು ಡಬ್ಬಿ, ಗ್ಲೈಸಿನೇಟ್ (ಗ್ಲೈಸಿನ್ ಅನ್ನುವ ಅಮೈನೋ ಆಮ್ಲದ ಜೊತೆ ಸೇರಿಸಿದ ಮೆಗ್ನೀಸಿಯಂ) ಅಂತ ದಪ್ಪ ಅಕ್ಷರದಲ್ಲಿ ಬರೆದದ್ದು, ಆನ್‌ಲೈನ್‌ನಲ್ಲಿ ತರಿಸಿದ್ದೆ. ಎರಡು ಗಾಜಿನ ಲೋಟದಲ್ಲಿ ಬೆಚ್ಚಗಿನ ನೀರು. ಒಂದಕ್ಕೆ ಆಕ್ಸೈಡ್ ಪುಡಿ, ಇನ್ನೊಂದಕ್ಕೆ ಗ್ಲೈಸಿನೇಟ್ ಪುಡಿ. ಆಕ್ಸೈಡ್ ಲೋಟ ಸುಣ್ಣದ ನೀರಿನಂತೆ ಬೆಳ್ಳಗಾಯಿತು, ಹತ್ತು ನಿಮಿಷದಲ್ಲಿ ಪುಡಿ ತಳ ಸೇರಿತು. ಗ್ಲೈಸಿನೇಟ್ ಬಹುಪಾಲು ಕರಗಿತು, ಆದರೆ ಅಡಿಯಲ್ಲಿ ಒಂದು ಬಿಳಿ ಪದರ ಉಳಿಯಿತು. ಇದರಲ್ಲೂ ಆಕ್ಸೈಡ್ ಬೆರೆಸಿರಬಹುದಾ ಅಂತ ಅನುಮಾನ ಬಂತು. ಆಕ್ಸೈಡ್ ಪ್ರತ್ಯಾಮ್ಲ ಅಲ್ವಾ, ಅರಿಶಿನ ಹಾಕಿದರೆ ಕೆಂಪಾಗಬೇಕು. ಎರಡೂ ಲೋಟಕ್ಕೆ ಒಂದೊಂದು ಚಿಟಿಕೆ ಅರಿಶಿನ ಹಾಕಿದೆ. ಎರಡೂ ಓಕುಳಿ! ಮನೆಯವಳು ಬಂದು ನೋಡಿ, ‘ಇದೇನ್ರೀ, ಯಾರಿಗೆ ಆರತಿ?’ ಅಂದಳು.

ಆಮೇಲೆ ಓದಿ ತಿಳಿದೆ, ಶುದ್ಧ ಬಿಸ್‌ಗ್ಲೈಸಿನೇಟ್ (ಗ್ಲೈಸಿನೇಟಿನ ಪೂರ್ತಿ ಹೆಸರು) ಕರಗಿದ ನೀರೂ ಪ್ರತ್ಯಾಮ್ಲವೇ. ಅರಿಶಿನದ ಪರೀಕ್ಷೆಯಿಂದ ಏನೂ ಗೊತ್ತಾಗಲ್ಲ. ತಳದ ಬಿಳಿ ಪದರವೂ ಪೂರ್ತಿ ಸಾಕ್ಷಿ ಅಲ್ಲ. ಮಾತ್ರೆ ಗಟ್ಟಿಯಾಗಲು ಹಾಕುವ ಸೆಲ್ಯುಲೋಸ್, ಸಿಲಿಕಾ ಕೂಡ ಹಾಗೇ ಉಳಿಯುತ್ತವೆ. ಆದರೆ ಆ ದಿನ ಒಂದು ವಿಷಯ ಸಿಕ್ಕಿತು. ಆಕ್ಸೈಡ್ ಲೋಟಕ್ಕೆ ವಿನೆಗರ್ ಸುರಿದೆ. ಕೆಂಪು ಹೋಗಿ ಹಳದಿ ಬಂತು, ಬಿಳಿ ಮಬ್ಬು ನಿಧಾನಕ್ಕೆ ತಿಳಿಯಾಯಿತು. ಅಂದರೆ ಆಕ್ಸೈಡ್ ಕರಗಲು ಆಮ್ಲ ಬೇಕು. ಹೊಟ್ಟೆಯ ಆಮ್ಲ. ಅದನ್ನೇ ತಾನೆ ನಾನು ಆರು ವರ್ಷದಿಂದ ದಿನಾ ಬೆಳಿಗ್ಗೆ ಮಾತ್ರೆ ನುಂಗಿ ಕಟ್ಟಿಹಾಕಿದ್ದು! ಆ ಸ್ಟ್ರಿಪ್ಪಿನ ಆಕ್ಸೈಡ್ ಅಶುದ್ಧ ಅಂತ ನಾನು ಹೇಳಲ್ಲ. ನನ್ನ ಹೊಟ್ಟೆಗೆ ಅದು ತಪ್ಪು ಮಾಲು.

ಗ್ಲೈಸಿನೇಟ್ ಡಬ್ಬಿಯ ಗುಟ್ಟು ಲೋಟದಲ್ಲಿ ಸಿಗಲಿಲ್ಲ, ಲೆಕ್ಕದಲ್ಲಿ ಸಿಕ್ಕಿತು. ಹಿಂದೆ ಸಣ್ಣ ಅಕ್ಷರದಲ್ಲಿ ಹೀಗಿತ್ತು: ಎರಡು ಮಾತ್ರೆಗೆ ಮೆಗ್ನೀಸಿಯಂ ಗ್ಲೈಸಿನೇಟ್ 1000 ಮಿ.ಗ್ರಾಂ, ಎಲಿಮೆಂಟಲ್ ಮೆಗ್ನೀಸಿಯಂ 200 ಮಿ.ಗ್ರಾಂ. ನೋಡಲು ಎಷ್ಟು ಚೆಂದ! ಆದರೆ ಬಿಸ್‌ಗ್ಲೈಸಿನೇಟಿನ ಅಣು ತೂಕ 172.4. ಅದರಲ್ಲಿ ಮೆಗ್ನೀಸಿಯಂ 24.3. ಶೇ 14 ಅಷ್ಟೇ. 1000 ಮಿ.ಗ್ರಾಂನಲ್ಲಿ 141ಕ್ಕಿಂತ ಜಾಸ್ತಿ ಬರಲು ಸಾಧ್ಯವೇ ಇಲ್ಲ. ಮಿಕ್ಕ 59 ಎಲ್ಲಿಂದ ಬಂತು? ಇಂಥದ್ದಕ್ಕೆ ವ್ಯಾಪಾರದಲ್ಲಿ ‘ಬಫರ್ಡ್’ ಅನ್ನುತ್ತಾರೆ, ಆಕ್ಸೈಡ್ ಬೆರೆಸಿದ್ದು ಅಂತ ಅರ್ಥ. ಹಾಗೆ ಬರೆದು ಮಾರಿದರೆ ನನ್ನ ತಕರಾರಿಲ್ಲ. ಈ ಡಬ್ಬಿಯ ಮೇಲೆ ಆ ಪದ ಎಲ್ಲೂ ಇರಲಿಲ್ಲ. ಕಂಪನಿಗೆ ಎರಡು ಸಲ ಬರೆದೆ. ‘ಗ್ರಾಹಕರೇ, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ’ ಅಂತ ಉತ್ತರ ಬಂತು. ಅಮೂಲ್ಯವಂತೆ!

ಈ ಒಂದು ಭಾಗಾಕಾರ ನನಗೆ ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು. ಎಲಿಮೆಂಟಲ್ ಅಂಕಿಯನ್ನು ಆ ಸಂಯುಕ್ತದ ಒಟ್ಟು ತೂಕದಿಂದ ಭಾಗಿಸುವುದು. ಬಿಸ್‌ಗ್ಲೈಸಿನೇಟ್ ಆದರೆ ಶೇ 14ರ ಒಳಗೆ ಬರಬೇಕು. ಸಿಟ್ರಿಕ್ ಆಮ್ಲದ ಜೊತೆ ಸೇರಿಸಿದ ಸಿಟ್ರೇಟ್ ಆದರೆ ಶೇ 16ರ ಆಸುಪಾಸು. ಎರಡರಲ್ಲಿ ಒಂದು ಅಂಕಿಯನ್ನೇ ಕೊಡದ ಡಬ್ಬಿಯನ್ನು ವಾಪಸ್ ಇಡುತ್ತೇನೆ. ಇನ್ನೊಂದು ಸುಲಭದ ಗುರುತು ಗಾತ್ರ. 100 ಮಿ.ಗ್ರಾಂ ಮೆಗ್ನೀಸಿಯಂ ಬೇಕಾದರೆ ಬಿಸ್‌ಗ್ಲೈಸಿನೇಟ್ ಪುಡಿ 700ಕ್ಕಿಂತ ಜಾಸ್ತಿ ತುಂಬಬೇಕು. ಪುಟಾಣಿ ಮಾತ್ರೆಯಲ್ಲಿ ಅಷ್ಟು ಹಿಡಿಸಲ್ಲ. ನಾನು ಕೊನೆಗೆ ತಗೊಂಡ ಮಾತ್ರೆ ಕಡ್ಲೆಕಾಯಿಯಷ್ಟು ಉದ್ದ ಇತ್ತು, ನುಂಗಲು ಕಷ್ಟ. ಆ ಕಷ್ಟದಲ್ಲೇ ಒಂದು ನಂಬಿಕೆ.

ಶುದ್ಧತೆಗೆ ಬೇರೆ ಪರೀಕ್ಷೆ ಬೇಕು, ಅದು ಮನೆಯಲ್ಲಿ ಆಗುವಂಥದ್ದಲ್ಲ. ಚನ್ನಗಿರಿಯಲ್ಲಿ ಅಡಿಕೆ ತೋಟ ಇರುವ ನಮ್ಮ ಚಿಕ್ಕಪ್ಪನ ಮಗ, ‘ಲೇ ಅಣ್ಣ, ತ್ವಾಟಕ್ಕೆ ಹಾಕೋ ಮೆಗ್ನೀಸಿಯಂ ಸಲ್ಫೇಟ್ ಮೂಟೆಗಟ್ಲೆ ಬಿದ್ದೈತೆ, ಒಂದ್ ಚೀಲ ಕಳಿಸ್ಲಾ?’ ಅಂದ. ಅವನು ತಮಾಷೆಗೆ ಅಂದದ್ದು. ಆದರೆ ಎಲೆ ಹಳದಿಯಾದಾಗ ಗಿಡಕ್ಕೆ ಹಾಕುವ ಉಪ್ಪನ್ನು ತಿನ್ನುವ ದರ್ಜೆಗೆ ಶುದ್ಧ ಮಾಡಿರುವುದಿಲ್ಲ. ಸೀಸ, ಆರ್ಸೆನಿಕ್, ಕ್ಯಾಡ್ಮಿಯಂ, ಪಾದರಸ ಇವೆಯೇ ಅಂತ ನೋಡುವುದು ಲ್ಯಾಬಿನ ಕೆಲಸ. ಹಾಗಾಗಿ ಮೂರು ಕಂಪನಿಗಳಿಗೆ ಬ್ಯಾಚ್ ನಂಬರ್ ಸಮೇತ ಬರೆದು ಆ ಬ್ಯಾಚಿನ ಲ್ಯಾಬ್ ವರದಿ ಕೇಳಿದೆ. ಒಬ್ಬರು ಸುಮ್ನೆ ಇದ್ದರು. ಇನ್ನೊಬ್ಬರು ಎರಡು ವರ್ಷ ಹಿಂದಿನ, ಬೇರೆ ಬ್ಯಾಚಿನ ವರದಿ ಕಳಿಸಿದರು. ಮೂರನೆಯವರು ಎರಡೇ ದಿನದಲ್ಲಿ ಅದೇ ಬ್ಯಾಚಿನ ವರದಿ ಕಳಿಸಿದರು. ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸಿ ಒಪ್ಪುವ ಸಂಸ್ಥೆ) ಮಾನ್ಯತೆ ಇರುವ ಲ್ಯಾಬು, ನಾಲ್ಕೂ ಲೋಹದ ಅಂಕಿ ಬೇರೆ ಬೇರೆ ಕೊಟ್ಟಿತ್ತು, ಮೆಗ್ನೀಸಿಯಂ ಎಷ್ಟು ಅನ್ನುವುದೂ ಇತ್ತು. ಭಾಗಿಸಿ ನೋಡಿದೆ. ಶೇ 13.3. ಅದನ್ನೇ ತರಿಸಿದೆ.

ಡಬ್ಬಿಯ ಮೇಲೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಪರವಾನಗಿಯ 14 ಅಂಕಿ ಇರುತ್ತದೆ. ಅವರದೇ ಫಾಸ್ಕಾಸ್ ಜಾಲತಾಣದಲ್ಲಿ ಅದನ್ನು ಹಾಕಿದರೆ ಪರವಾನಗಿ ಯಾರ ಹೆಸರಲ್ಲಿದೆ, ಚಾಲ್ತಿಯಲ್ಲಿದೆಯೇ ಗೊತ್ತಾಗುತ್ತದೆ. ಎರಡು ನಿಮಿಷದ ಕೆಲಸ. ಆದರೆ ಪರವಾನಗಿ ಇದೆ ಅಂದ ಮಾತ್ರಕ್ಕೆ ಆ ಬ್ಯಾಚು ಶುದ್ಧ ಅಂತ ಅಲ್ಲ.

ದುಡ್ಡಿನ ವಿಷಯ. ನಾನು ಕೊಂಡ ಬೆಲೆಯಲ್ಲಿ ಆಕ್ಸೈಡ್ ದಿನಕ್ಕೆ 5 ರೂಪಾಯಿ, ಸಿಟ್ರೇಟ್ 16, ಈ ಬಿಸ್‌ಗ್ಲೈಸಿನೇಟ್ 28. ಎಲ್ಲರೂ 28 ಕೊಡಬೇಕು ಅಂತ ನಾನು ಹೇಳುವುದಿಲ್ಲ. ಸಿಟ್ರೇಟ್ ಆಕ್ಸೈಡಿಗಿಂತ ಚೆನ್ನಾಗಿ ಮೈಗೆ ಹತ್ತುತ್ತದೆ, ಹೊಟ್ಟೆ ಸ್ವಲ್ಪ ಸಡಿಲ ಮಾಡುತ್ತದೆ. ಮಲಬದ್ಧತೆ ಇರುವವರಿಗೆ ಅದು ಲಾಭವೇ. ನನಗೆ ಆ ಎರಡು ದಿನದ ಓಟ ಸಾಕಾಗಿತ್ತು, ಅದಕ್ಕೇ ಜಾಸ್ತಿ ಕೊಟ್ಟೆ.

ಹೊತ್ತಿನ ಬಗ್ಗೆಯೂ ಒಂದು ಮಾತು. ಮನೆಯವಳು ಬೆಳಿಗ್ಗೆ ಥೈರಾಯ್ಡ್ ಮಾತ್ರೆ ತಗೊಳ್ಳುತ್ತಾಳೆ. ಮೆಗ್ನೀಸಿಯಂ ಆ ಮಾತ್ರೆಯನ್ನು ಮೈಗೆ ಹತ್ತಲು ಬಿಡಲ್ಲ, ನಾಲ್ಕು ಗಂಟೆಯಾದರೂ ಅಂತರ ಬೇಕು. ಸಿಪ್ರೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್‌ನಂಥ ಆ್ಯಂಟಿಬಯಾಟಿಕ್‌ಗೂ ಅಡ್ಡಿ. ಅವಳು ನನ್ನ ಡಬ್ಬಿಯಿಂದ ‘ಒಂದು ನೋಡೋಣ’ ಅಂತ ತೆಗೆಯದಿರಲಿ ಅಂತ ನಾನು ಅದನ್ನು ರಾತ್ರಿ ಊಟದ ತಟ್ಟೆಯ ಪಕ್ಕಕ್ಕೇ ಇಟ್ಟುಕೊಂಡೆ. ಮಾವನವರೂ ಕೇಳಿದರು, ‘ನಂಗೂ ಕಾಲು ಹಿಡೀತವೆ, ಎರಡು ಕೊಡಪ್ಪ.’ ಕೊಡಲಿಲ್ಲ. ಅವರ ಕ್ರಿಯಾಟಿನಿನ್ ಜಾಸ್ತಿ ಇದೆ. ಹೆಚ್ಚಾದ ಮೆಗ್ನೀಸಿಯಂ ಹೊರಹಾಕುವುದು ಕಿಡ್ನಿ. ಅದು ಸೋತಿದ್ದರೆ ರಕ್ತದಲ್ಲಿ ಏರುತ್ತಾ ಹೋಗಿ ಹೃದಯಕ್ಕೇ ಅಪಾಯ. ಅವರಿಗೆ ಬೇಜಾರಾಯಿತು, ಒಂದು ವಾರ ಫೋನ್ ಇಲ್ಲ.

ಕುಂದವಾಡ ಕೆರೆ ಸುತ್ತ ವಾಕಿಂಗ್ ಬರುವ ಗೆಳೆಯರು ಡಬ್ಬಿ ಹೆಸರು ಕೇಳುತ್ತಾರೆ. ಮೊದಲು ರಕ್ತ ಪರೀಕ್ಷೆ ಮಾಡಿಸಿ ಅಂತೀನಿ. ವಯಸ್ಸಾದವರ ಕಾಲು ಸೆಳೆತಕ್ಕೆ ಮೆಗ್ನೀಸಿಯಂ ಹೇಳಿಕೊಳ್ಳುವಷ್ಟು ಉಪಯೋಗ ಆಗುವುದು ಅನುಮಾನ ಅಂತ, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ ಹೇಳಿದೆ. ನನ್ನದು ನಿಜವಾಗಿ ಕಮ್ಮಿ ಇತ್ತು, ಅದು ಬೇರೆ ಮಾತು. ಊಟದಲ್ಲೇ ಎಷ್ಟೋ ಸಿಗುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 146 ಮಿ.ಗ್ರಾಂ, ಜೋಳದಲ್ಲಿ 133, ಪಾಲಿಶ್ ಅಕ್ಕಿಯಲ್ಲಿ ಬರೀ 19. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2020ರಲ್ಲಿ ಹೇಳಿದ ಪ್ರಕಾರ ಗಂಡಸರಿಗೆ ದಿನಕ್ಕೆ 440 ಬೇಕು, ಹೆಂಗಸರಿಗೆ 370. ಅವ್ವ ಇರುವತನಕ ನಮ್ಮನೆಯಲ್ಲಿ ದಿನಾ ಜೋಳದ ರೊಟ್ಟಿ. ಆಮೇಲೆ ಎರಡು ಹೊತ್ತೂ ಅನ್ನ. ಮಾತ್ರೆಯ ಮೆಗ್ನೀಸಿಯಂ ಮಾತ್ರ ದಿನಕ್ಕೆ 350 ದಾಟಬಾರದು, ಡಾಕ್ಟರ್ ಹೇಳಿದ ಹೊರತು.

ಮೂರು ತಿಂಗಳಿಗೆ ಮತ್ತೆ ರಕ್ತ ಕೊಟ್ಟೆ. 1.9. ಕಾಲು ಹಿಡಿಯುವುದು ಎರಡನೇ ತಿಂಗಳಲ್ಲೇ ನಿಂತಿತ್ತು, ರೆಪ್ಪೆ ಅದುರುವುದೂ ನಿಂತಿತ್ತು. ಗ್ಯಾಸ್ಟ್ರಿಕ್ ಮಾತ್ರೆ ಬಿಟ್ಟದ್ದೂ, ಇದು ತಗೊಂಡದ್ದೂ ಒಟ್ಟಿಗೇ ನಡೆದವು, ಹಾಗಾಗಿ ಪೂರ್ತಿ ಹೆಸರು ಡಬ್ಬಿಗೆ ಕೊಡಲ್ಲ. ಮೇಡಂ ಮೆಗ್ನೀಸಿಯಂ ಮಾತ್ರೆ ನಿಲ್ಲಿಸಿದರು, ಆರು ತಿಂಗಳಿಗೆ ಇನ್ನೊಮ್ಮೆ ನೋಡೋಣ ಅಂದರು. ವಾರಕ್ಕೆ ನಾಲ್ಕು ದಿನ ರೊಟ್ಟಿ ಮತ್ತೆ ಬಂದಿದೆ. ಮಿರ್ಚಿ ಶನಿವಾರ ಮಾತ್ರ. ಎರಡು ಅಂತ ಹೇಳಿ ಹೋಗಿ ಮೂರು ತಿಂದು ಬರುತ್ತೇನೆ.